ಸಾಗರ ಸೇರದ ಮಹಾನದಿ ವೋಲ್ಗಾ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಶಾಲೆ ಕಟ್ಟಿದ ಕಥೆಯನ್ನು, ಜಾಗ ಕೊಟ್ಟ ಹಿರಿಯರ ನೆನಪನ್ನು ಬರೆಯುವವರು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನನಗೆ ಸಂಪಾದಕ ಮಂಡಳಿಯವರು "ಇತಿಹಾಸದ ಯಾವುದಾದರೂ ಒಂದು ವಿಷಯ ಬರೆಯಿರಿ ಸರ್" ಎಂದು ಬಿಟ್ಟುಕೊಟ್ಟಿದ್ದಾರೆ. ನಾನು ರಷ್ಯಾದ ವೋಲ್ಗಾ ನದಿಯನ್ನು ಆರಿಸಿಕೊಂಡಿದ್ದೇನೆ. ಬೀದರ್ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಸಂಚಿಕೆಗೂ ರಷ್ಯಾದ ನದಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಇದೆ. ಐನೂರೈವತ್ತು ವರ್ಷಗಳ ಹಿಂದೆ ಆ ನದಿಯ ದಂಡೆಯ ಒಬ್ಬ ಸಾಮಾನ್ಯ ವ್ಯಾಪಾರಿ ಬೀದರಿಗೆ ಬಂದು, ಇಲ್ಲಿಯ ಸುಲ್ತಾನ ಹೇಗಿದ್ದ, ಇಲ್ಲಿಯ ಹಳ್ಳಿಗರು ಹೇಗಿದ್ದರು ಎಂದು ತನ್ನ ಭಾಷೆಯಲ್ಲಿ ಬರೆದಿಟ್ಟುಕೊಂಡು ಹೋದ. ಅವನ ವಿಷಯಕ್ಕೆ ಬರುವ ಮೊದಲು ಅವನ ನದಿಯನ್ನು ತಿಳಿದುಕೊಳ್ಳಬೇಕು. ಏಕೆಂದರೆ ಅವನು ಬಂದ ದಾರಿಯ ಮೊದಲ ಭಾಗವೇ ಆ ನದಿ.

ವೋಲ್ಗಾ ಯೂರೋಪಿನ ಅತಿ ಉದ್ದದ ನದಿ. ಉದ್ದ ಸುಮಾರು 3,530 ಕಿಲೋಮೀಟರು. ಅದಕ್ಕೆ ನೀರು ಹರಿದು ಬರುವ ಪ್ರದೇಶ ಸುಮಾರು 13 ಲಕ್ಷ 60 ಸಾವಿರ ಚದರ ಕಿಲೋಮೀಟರು, ಅಂದರೆ ನಮ್ಮ ಕರ್ನಾಟಕದಂಥ ಏಳು ರಾಜ್ಯಗಳಷ್ಟು. ಇಷ್ಟು ದೊಡ್ಡ ನದಿ ಹಿಮಾಲಯದಂಥ ಪರ್ವತದಲ್ಲಿ ಹುಟ್ಟಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಿಲ್ಲ. ಮಾಸ್ಕೋ ನಗರದ ವಾಯವ್ಯಕ್ಕೆ ವಾಲ್ದಾಯ್ ಎಂಬ ಸಣ್ಣ ಗುಡ್ಡಗಳ ಸೀಮೆ ಇದೆ. ಅಲ್ಲಿ ಒಂದು ಹಳ್ಳಿಯ ಪಕ್ಕದ ಜೌಗು ನೆಲದಲ್ಲಿ, ಸಮುದ್ರ ಮಟ್ಟದಿಂದ ಕೇವಲ 228 ಮೀಟರ್ ಎತ್ತರದಲ್ಲಿ, ಒಂದು ಒರತೆ. ಅದರ ಮೇಲೆ ಮರದ ಪುಟ್ಟ ಗುಡಿಯೊಂದನ್ನು ಕಟ್ಟಿದ್ದಾರೆ. ಹುಟ್ಟಿದ ಜಾಗದಲ್ಲಿ ವೋಲ್ಗಾವನ್ನು ಮಕ್ಕಳು ಕೂಡ ದಾಟಬಲ್ಲರು. ನಮ್ಮ ಬೀದರ್ ಕೋಟೆ ನಿಂತಿರುವ ನೆಲವೇ ಸಮುದ್ರ ಮಟ್ಟಕ್ಕಿಂತ 600 ಮೀಟರಿಗೂ ಮೇಲಿದೆ ಎಂಬುದನ್ನು ನೆನೆದರೆ ವೋಲ್ಗಾದ ತವರು ಎಷ್ಟು ತಗ್ಗಿನದು ಎಂದು ತಿಳಿಯುತ್ತದೆ.

ಹುಟ್ಟು ತಗ್ಗಿನಲ್ಲಿ, ಕೊನೆ ಇನ್ನೂ ತಗ್ಗಿನಲ್ಲಿ. ವೋಲ್ಗಾ ಹೋಗಿ ಸೇರುವ ಕ್ಯಾಸ್ಪಿಯನ್ ಸಮುದ್ರದ ಮಟ್ಟ ಲೋಕದ ಬೇರೆ ಸಮುದ್ರಗಳಿಗಿಂತ ಸುಮಾರು 28 ಮೀಟರ್ ಕೆಳಗಿದೆ. ಹಾಗಾದರೆ ಮೂರೂವರೆ ಸಾವಿರ ಕಿಲೋಮೀಟರ್ ದಾರಿಯಲ್ಲಿ ಈ ನದಿ ಇಳಿಯುವುದು ಬರೀ 256 ಮೀಟರು. ನಮ್ಮ ಕೃಷ್ಣೆ ಮಹಾಬಲೇಶ್ವರದಲ್ಲಿ 1,300 ಮೀಟರಿಗೂ ಮೇಲಿನ ಎತ್ತರದಲ್ಲಿ ಹುಟ್ಟಿ 1,400 ಕಿಲೋಮೀಟರಿನಲ್ಲಿ ಸಮುದ್ರ ಮುಟ್ಟುತ್ತಾಳೆ. ಹೋಲಿಸಿ ನೋಡಿ. ವೋಲ್ಗಾಕ್ಕೆ ಜಲಪಾತ ಇಲ್ಲ, ಬಂಡೆಗಳ ನಡುವಿನ ರಭಸ ಇಲ್ಲ. ಅಗಲವಾಗಿ, ಸಾವಕಾಶವಾಗಿ ಹೋಗುತ್ತದೆ. ಭೂಗೋಳದ ಈ ಒಂದು ಸಂಗತಿಯಿಂದಲೇ ಅದರ ಇತಿಹಾಸದ ಅರ್ಧ ಭಾಗ ಹುಟ್ಟಿದೆ. ನಮಗೆ ನದಿ ಎಂದರೆ ಮೊದಲು ನೆನಪಾಗುವುದು ಹೊಲ, ಕಾಲುವೆ, ಬೆಳೆ. ವೋಲ್ಗಾದ ಜನರಿಗೆ ನದಿ ಎಂದರೆ ಮೊದಲು ದಾರಿ. ಬೇಸಿಗೆಯಲ್ಲಿ ದೋಣಿಯ ದಾರಿ. ಚಳಿಗಾಲದಲ್ಲಿ ಮೂರು ನಾಲ್ಕು ತಿಂಗಳು, ಮೇಲಿನ ಭಾಗದಲ್ಲಿ ಇನ್ನೂ ಹೆಚ್ಚು ಕಾಲ, ನೀರೆಲ್ಲ ಹೆಪ್ಪುಗಟ್ಟಿ ಕಲ್ಲಾದಾಗ ಅದೇ ನದಿ ಕುದುರೆ ಎಳೆಯುವ ಜಾರುಬಂಡಿಗಳ ದಾರಿ.

ದಾರಿಯುದ್ದಕ್ಕೂ ನೆಲ ಬದಲಾಗುತ್ತದೆ. ಮೇಲೆ ದಟ್ಟ ಕಾಡು, ನಡುವೆ ಹುಲ್ಲುಗಾವಲು, ಕೆಳಗೆ ಬಹುತೇಕ ಮರುಭೂಮಿ. ಪಶ್ಚಿಮದ ದಂಡೆ ಎತ್ತರದ್ದು, ಗುಡ್ಡಗಳದ್ದು. ಪೂರ್ವದ ದಂಡೆ ತಗ್ಗು, ಬಯಲು. ನಿಜ್ನಿ ನೊವ್‌ಗೊರೊದ್ ನಗರದಲ್ಲಿ ಓಕಾ ನದಿ ಬಂದು ಸೇರುತ್ತದೆ. ಮಾಸ್ಕೋ ನಗರದ ನೀರೂ ಓಕಾದ ಮೂಲಕ ವೋಲ್ಗಾಕ್ಕೇ ಬರುತ್ತದೆ. ಕಜಾನ್ ದಾಟಿದ ಮೇಲೆ ಉರಲ್ ಪರ್ವತದ ಕಡೆಯಿಂದ ಕಾಮಾ ಸೇರಿ ನದಿ ಇಮ್ಮಡಿಯಾಗುತ್ತದೆ. ಕೊನೆಗೆ ಅಸ್ತ್ರಾಖಾನ್ ಬಳಿ ನೂರಾರು ಕವಲುಗಳಾಗಿ ಒಡೆದು ಕ್ಯಾಸ್ಪಿಯನ್‌ಗೆ ಇಳಿಯುತ್ತದೆ. ಆ ಮುಖಜ ಭೂಮಿಯ ಕವಲುಗಳಲ್ಲಿ ಆಗಸ್ಟ್ ತಿಂಗಳಲ್ಲಿ ಎಕರೆಗಟ್ಟಲೆ ತಾವರೆ ಅರಳುತ್ತದೆ. ನಮ್ಮ ಕೆರೆಗಳ ತಾವರೆಯ ಜಾತಿಯದೇ. ಹಿಮದ ನಾಡಿನ ನದಿಯ ತುದಿಯಲ್ಲಿ ತಾವರೆ ಇದೆ ಎಂದರೆ ತರಗತಿಯಲ್ಲಿ ಮಕ್ಕಳು ನಂಬುತ್ತಿರಲಿಲ್ಲ.

ಕ್ಯಾಸ್ಪಿಯನ್ ಹೆಸರಿಗೆ ಸಮುದ್ರ. ವಾಸ್ತವದಲ್ಲಿ ನಾಲ್ಕೂ ಕಡೆ ನೆಲ ಸುತ್ತುವರಿದ ಲೋಕದ ಅತಿ ದೊಡ್ಡ ಸರೋವರ. ಹೊರಗಿನ ಸಾಗರಕ್ಕೆ ಅದರಿಂದ ದಾರಿ ಇಲ್ಲ. ಆದುದರಿಂದ ವೋಲ್ಗಾದ ಹಡಗು ಎಷ್ಟು ದೂರ ಹೋದರೂ ಸಾಗರ ಕಾಣುತ್ತಿರಲಿಲ್ಲ. ಆದರೆ ಕ್ಯಾಸ್ಪಿಯನ್‌ನ ದಕ್ಷಿಣ ದಂಡೆಯಲ್ಲಿ ಪರ್ಷಿಯಾ ಇತ್ತು. ಅಲ್ಲಿಂದ ನೆಲದ ಮೇಲೆ ಹೋದರೆ ಹೊರ್ಮುಜ್ ಬಂದರು, ಹೊರ್ಮುಜ್‌ನಿಂದ ಹಡಗು ಹತ್ತಿದರೆ ನಮ್ಮ ಪಶ್ಚಿಮ ಕರಾವಳಿ. ಸಾಗರ ಸೇರದ ನದಿಯೊಂದು ದಖ್ಖನ್ನಿಗೆ ಬಂದು ಮುಟ್ಟಿದ್ದು ಹೀಗೆ.

ಈ ದಾರಿ ಬಹಳ ಹಳೆಯದು. ಒಂಬತ್ತು, ಹತ್ತನೆಯ ಶತಮಾನಗಳಲ್ಲಿ ಉತ್ತರದ ಸ್ವೀಡನ್ ಕಡೆಯ ಜನ ದೋಣಿಗಳಲ್ಲಿ ಬಂದು, ಒಂದು ನದಿಯಿಂದ ಇನ್ನೊಂದಕ್ಕೆ ದೋಣಿಗಳನ್ನು ನೆಲದ ಮೇಲೆ ಎಳೆದು, ವೋಲ್ಗಾಕ್ಕೆ ಇಳಿಯುತ್ತಿದ್ದರು. ಕಾಡುಪ್ರಾಣಿಗಳ ತುಪ್ಪಳದ ಚರ್ಮ, ಜೇನು, ಮೇಣ, ಜೊತೆಗೆ ಹಿಡಿದು ತಂದ ಗುಲಾಮರು, ಇವು ಅವರ ಸರಕು. ಪ್ರತಿಯಾಗಿ ಅವರಿಗೆ ಬೇಕಾಗಿದ್ದುದು ಅರಬ್ ನಾಡಿನ ಬೆಳ್ಳಿ ನಾಣ್ಯ. ಸ್ವೀಡನ್ನಿನ ನೆಲದಲ್ಲಿ ಇಂದಿಗೂ ಬಗ್ದಾದ್ ಮತ್ತು ಮಧ್ಯ ಏಷ್ಯಾದ ಟಂಕಸಾಲೆಗಳ ನಾಣ್ಯಗಳು ಸಾವಿರ ಸಾವಿರ ಲೆಕ್ಕದಲ್ಲಿ ಸಿಗುತ್ತಿವೆ. ನದಿಯ ನಡುವೆ ಬಲ್ಗಾರರು, ಮುಖದಲ್ಲಿ ಖಜಾರರು ಕೂತು ಸುಂಕ ವಸೂಲು ಮಾಡುತ್ತಿದ್ದರು. 921ರಲ್ಲಿ ಬಗ್ದಾದಿನ ಖಲೀಫ ಕಳಿಸಿದ ನಿಯೋಗದ ಜೊತೆ ಹೊರಟ ಇಬ್ನ್ ಫದ್ಲಾನ್ ಎಂಬುವನು ಮರುವರ್ಷ ವೋಲ್ಗಾ ತೀರ ಮುಟ್ಟಿದ. ಅಲ್ಲಿ ಸತ್ತ ಒಬ್ಬ ನಾಯಕನನ್ನು ದೋಣಿಯ ಸಮೇತ ಸುಟ್ಟದ್ದನ್ನೂ, ಅವನ ಜೊತೆ ಒಬ್ಬ ದಾಸಿಯನ್ನು ಕೊಂದದ್ದನ್ನೂ ಕಣ್ಣಾರೆ ಕಂಡು ಬರೆದಿದ್ದಾನೆ.

ಹದಿಮೂರನೆಯ ಶತಮಾನದಲ್ಲಿ ಮಂಗೋಲರು ಬಂದರು. 1237ರಿಂದ ನಾಲ್ಕೇ ವರ್ಷಗಳಲ್ಲಿ ರಷ್ಯಾದ ಬಹುತೇಕ ಸಂಸ್ಥಾನಗಳು ಒಂದೊಂದಾಗಿ ಬಿದ್ದವು. ಗೆದ್ದವರು ರಾಜಧಾನಿ ಮಾಡಿಕೊಂಡದ್ದು ಮಾಸ್ಕೋವನ್ನೂ ಅಲ್ಲ, ಕೀವ್‌ ನಗರವನ್ನೂ ಅಲ್ಲ, ವೋಲ್ಗಾದ ಕೆಳಭಾಗದಲ್ಲಿ ತಾವೇ ಕಟ್ಟಿದ ಸರಾಯ್ ಎಂಬ ಊರನ್ನು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ರಷ್ಯಾದ ರಾಜರು ಕಪ್ಪ ಕಾಣಿಕೆ ಹೊತ್ತುಕೊಂಡು ಅಲ್ಲಿಗೆ ಹೋಗಿ ಕೈಕಟ್ಟಿ ನಿಲ್ಲಬೇಕಾಗಿತ್ತು. ನದಿ ಯಾರ ಕೈಯಲ್ಲೋ ನಾಡು ಅವರ ಕೈಯಲ್ಲಿ ಎಂಬುದನ್ನು ಮಾಸ್ಕೋದವರು ಕಲಿತದ್ದು ಈ ಇನ್ನೂರು ವರ್ಷಗಳಲ್ಲಿ. ನಾವು ಪಾಠದಲ್ಲಿ ಓದುವ ಇಬ್ನ್ ಬತೂತ ಹೆಪ್ಪುಗಟ್ಟಿದ ವೋಲ್ಗಾದ ಮೇಲೆ ಪ್ರಯಾಣ ಮಾಡಿ ಈ ಸರಾಯ್ ಊರಿಗೆ ಹೋಗಿದ್ದ. ಅಲ್ಲಿಂದ ಮುಂದೆ ಮಧ್ಯ ಏಷ್ಯಾ ದಾಟಿ ದೆಹಲಿಯ ಮುಹಮ್ಮದ್ ಬಿನ್ ತುಘಲಕನ ಆಸ್ಥಾನ ಸೇರಿದ.

ಈಗ ನಮ್ಮ ಬೀದರಿಗೆ ಬಂದವನ ಮಾತು. ಅವನ ಹೆಸರು ಅಫನಾಸಿ ನಿಕಿತಿನ್. ಊರು ವೋಲ್ಗಾದ ಮೇಲಿನ ದಂಡೆಯ ತ್ವೇರ್. ರಾಜದೂತನಲ್ಲ, ಪಂಡಿತನಲ್ಲ, ಪಾದ್ರಿಯಲ್ಲ. ತುಪ್ಪಳ ಮಾರುವ ವ್ಯಾಪಾರಿ. 1460ರ ದಶಕದ ಕೊನೆಯ ಭಾಗದಲ್ಲಿ ಅವನು ಸರಕು ತುಂಬಿಕೊಂಡು ನದಿಯಲ್ಲಿ ಹೊರಟ. ಇಂಡಿಯಾಕ್ಕೆ ಹೋಗಬೇಕೆಂಬ ಆಸೆ ಏನೂ ಆಗ ಅವನಿಗೆ ಇರಲಿಲ್ಲ. ಕ್ಯಾಸ್ಪಿಯನ್ ಪಕ್ಕದ ಶಿರ್ವಾನಿನಲ್ಲಿ ಮಾರಿ ಬರುವುದು ಉದ್ದೇಶ. ದಾರಿಯಲ್ಲಿ ಕಲ್ಯಾಜಿನ್ ಎಂಬಲ್ಲಿಯ ಮಠಕ್ಕೆ ಹೋಗಿ ಮಠಾಧಿಪತಿಯ ಆಶೀರ್ವಾದ ಪಡೆದ. ಈ ಕಲ್ಯಾಜಿನ್ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಿಜ್ನಿ ನೊವ್‌ಗೊರೊದ್‌ನಲ್ಲಿ ಶಿರ್ವಾನಿನ ರಾಯಭಾರಿಯ ಜೊತೆ ಕೂಡಿಕೊಂಡ. ಆ ರಾಯಭಾರಿ ಮಾಸ್ಕೋದಿಂದ ತನ್ನ ದೊರೆಗೆ 90 ಬೇಟೆಗಿಡುಗಗಳನ್ನು ಒಯ್ಯುತ್ತಿದ್ದ! ಎಲ್ಲರೂ ಕಜಾನ್ ದಾಟಿದರು, ಸರಾಯ್ ದಾಟಿದರು. ಅಸ್ತ್ರಾಖಾನ್ ಹತ್ತಿರದ ಕವಲಿನಲ್ಲಿ ರಾತ್ರಿ ಬೆಳದಿಂಗಳಲ್ಲಿ ಕದ್ದು ಸಾಗುವಾಗ ಅಲ್ಲಿಯ ಖಾನನ ಸವಾರರು ನೋಡಿಬಿಟ್ಟರು. ಹಡಗು ಸುಲಿಗೆಯಾಯಿತು. ನಿಕಿತಿನ್‌ನ ಸರಕೆಲ್ಲ ಹೋಯಿತು.

ಸಾಲ ಮಾಡಿ ಸರಕು ತಂದವನು ಬರಿಗೈಯಲ್ಲಿ ಊರಿಗೆ ಹೋದರೆ ಗತಿ ಏನು? ಈ ಪ್ರಶ್ನೆಯನ್ನು ನಮ್ಮ ರೈತರಿಗೆ, ಅಂಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೊತೆಯಲ್ಲಿ ಸುಲಿಗೆಯಾದವರ ಬಗ್ಗೆ ಅವನೇ ಬರೆದಿದ್ದಾನೆ: ಊರಿನಲ್ಲಿ ಏನಾದರೂ ಇದ್ದವರು ಹಿಂದಿರುಗಿದರು, ಸಾಲ ಇದ್ದವರು ಕಾಲು ಕರೆದುಕೊಂಡು ಹೋದ ಕಡೆ ಹೋದರು ಎಂಬುದು ಅವನ ಮಾತಿನ ತಾತ್ಪರ್ಯ. ಅವನು ಮುಂದಕ್ಕೇ ಹೋದ. ದೆರ್ಬೆಂತ್, ಬಾಕು, ಕ್ಯಾಸ್ಪಿಯನ್ ದಾಟಿ ಪರ್ಷಿಯಾ, ಅಲ್ಲಿ ಒಂದು ವರ್ಷಕ್ಕೂ ಮೇಲೆ ಊರೂರು ತಿರುಗಾಟ, ಆಮೇಲೆ ಹೊರ್ಮುಜ್. ದಖ್ಖನ್ನಿನಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ, ಅಲ್ಲಿ ಕುದುರೆಗೆ ಬಂಗಾರದ ಬೆಲೆ ಎಂದು ಕೇಳಿ, ಒಂದು ಗಂಡು ಕುದುರೆ ಕೊಂಡು ಹಡಗು ಹತ್ತಿದ. ಮುಂಬಯಿ ದಕ್ಷಿಣದ ಚೌಲ್ ಬಂದರಿನಲ್ಲಿ ಇಳಿದ. (ಇಲ್ಲಿ ಒಂದು ಮಾತು. ಇಂದು ಲೋಕದಲ್ಲೆಲ್ಲ ಇರುವ ಸಾಕು ಕುದುರೆಗಳ ಮೂಲ ತಳಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ವೋಲ್ಗಾ ಮತ್ತು ದಾನ್ ನದಿಗಳ ಕೆಳಭಾಗದ ಹುಲ್ಲುಗಾವಲಿನಿಂದ ಹರಡಿತು ಎಂದು 2021ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆಯೊಂದು ತೋರಿಸಿದೆ. ವೋಲ್ಗಾದವನು ಬೀದರಿಗೆ ಕುದುರೆ ತಂದದ್ದು ಹಳೆಯ ಕಥೆಯೇ ಮರುಕಳಿಸಿದಂತೆ.)

ಜುನ್ನರದಲ್ಲಿ ಅಲ್ಲಿಯ ಖಾನ ಅವನ ಕುದುರೆಯನ್ನು ಕಿತ್ತುಕೊಂಡ. ನೀನು ನಮ್ಮ ಧರ್ಮಕ್ಕೆ ಬಂದರೆ ಕುದುರೆಯೂ ಕೊಡುತ್ತೇನೆ, ಮೇಲೆ ಹಣವೂ ಕೊಡುತ್ತೇನೆ, ಬಾರದಿದ್ದರೆ ಎರಡೂ ಹೋಯಿತು ಎಂದು ನಾಲ್ಕು ದಿನದ ಗಡುವು ಕೊಟ್ಟ. ಅವನನ್ನು ಬಿಡಿಸಿದವನು ಖುರಾಸಾನಿನ ಒಬ್ಬ ಮುಸಲ್ಮಾನ ಖಜಾನೆ ಅಧಿಕಾರಿಯೇ. ಅವನು ಖಾನನಲ್ಲಿ ಹೇಳಿ ಕುದುರೆಯನ್ನೂ ಕೊಡಿಸಿದ, ಮತಾಂತರವನ್ನೂ ತಪ್ಪಿಸಿದ. ಈ ಪ್ರಸಂಗದ ಎರಡು ಭಾಗಗಳನ್ನೂ ಒಟ್ಟಿಗೆ ಹೇಳಬೇಕು. ಒಂದನ್ನೇ ಹೇಳಿ ಇನ್ನೊಂದನ್ನು ಬಿಡುವುದು ಇತಿಹಾಸಕ್ಕೆ ಮಾಡುವ ಮೋಸ.

ಅಲ್ಲಿಂದ ಬೀದರ್. ಕುದುರೆ ಮಾರಿದ್ದು ಇಲ್ಲಿಯೇ. ಆಗ ಬಹಮನಿ ರಾಜ್ಯದ ಸುಲ್ತಾನ ಮೂರನೆಯ ಮುಹಮ್ಮದ್ ಷಾ, ಇಪ್ಪತ್ತರ ಆಸುಪಾಸಿನ ಯುವಕ. ಅಧಿಕಾರವೆಲ್ಲ ಖುರಾಸಾನಿನ ಸರದಾರರ ಕೈಯಲ್ಲಿದೆ ಎಂದು ನಿಕಿತಿನ್ ಗುರುತಿಸಿದ. ಅರಮನೆಗೆ ಏಳು ಬಾಗಿಲು, ಬಾಗಿಲಲ್ಲಿ ಕಾವಲಿನವರು, ಜೊತೆಗೆ ಬರುವವರ ಹೋಗುವವರ ಹೆಸರು ಬರೆದುಕೊಳ್ಳುವ ಗುಮಾಸ್ತರು. ಹಬ್ಬದ ದಿನ ಸುಲ್ತಾನನ ಸವಾರಿಯಲ್ಲಿ ಉಕ್ಕಿನ ಕವಚ ತೊಟ್ಟ ಆನೆಗಳು, ಅವುಗಳ ದಂತಕ್ಕೆ ಕಟ್ಟಿದ ಕತ್ತಿಗಳು. ಇದೆಲ್ಲ ಅವನ ಬರಹದಲ್ಲಿದೆ. ಆಳಂದದಲ್ಲಿ ಷೇಖ್ ಅಲ್ಲಾವುದ್ದೀನರ ಉರುಸಿನ ಕಾಲಕ್ಕೆ ನಡೆಯುತ್ತಿದ್ದ ಜಾತ್ರೆಗೂ ಅವನು ಹೋಗಿದ್ದ. ಅಲ್ಲಿ ಸಾವಿರಗಟ್ಟಲೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವಂತೆ. ಇಂದು ಆಳಂದದ ಉರುಸಿಗೆ ಹೋಗುವ ನಮ್ಮವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಅದೇ ಸೀಮೆಯಲ್ಲಿ ರಾತ್ರಿ ಹಾರುವ ಒಂದು ಹಕ್ಕಿಯ ಬಗ್ಗೆ ಕೇಳಿ ಬರೆದುಕೊಂಡಿದ್ದಾನೆ. ಅದು ಮನೆಯ ಮೇಲೆ ಕೂತರೆ ಆ ಮನೆಯಲ್ಲಿ ಸಾವು ಎಂದು ಜನ ಹೇಳಿದರಂತೆ. ಅದು ನಮ್ಮ ಗೂಗಿಯೇ ಇರಬೇಕು. ಕೋತಿಗಳಿಗೆ ಒಬ್ಬ ರಾಜ ಇದ್ದಾನೆ, ಸೈನ್ಯ ಇದೆ ಎಂಬ ಮಾತನ್ನೂ ಅವನು ನಂಬಿದ. ಯಾರೋ ಅವನಿಗೆ ರಾಮಾಯಣದ ಕಥೆಯನ್ನು ಹೇಳಿರಬೇಕು!

ಹಿಂದೂಗಳಿಗೆ ಅವನು ತಾನು ಮುಸಲ್ಮಾನನಲ್ಲ, ಕ್ರೈಸ್ತ ಎಂದು ಗುಟ್ಟು ಬಿಟ್ಟುಕೊಟ್ಟ ಮೇಲೆ ಅವರು ಅವನಿಂದ ಏನನ್ನೂ ಮುಚ್ಚಿಡಲಿಲ್ಲ. ಊಟ, ಪೂಜೆ, ವ್ಯಾಪಾರ ಎಲ್ಲವನ್ನೂ ಹೇಳಿದರು. ಅವರ ಜೊತೆ ಅವನು ಶಿವರಾತ್ರಿಗೆ ಶ್ರೀಶೈಲಕ್ಕೂ ಹೋಗಿ ಬಂದ. ಅವನ ಬರಹದಲ್ಲಿ ಅದಕ್ಕೆ 'ಪರ್ವತ' ಎಂದೇ ಹೆಸರು. ನಮ್ಮ ಕಡೆಯ ಹಿರಿಯರ ಬಾಯಲ್ಲೂ ಶ್ರೀಶೈಲಕ್ಕೆ ಹೋಗುವುದೆಂದರೆ ಪರ್ವತಕ್ಕೆ ಹೋಗುವುದೇ ಅಲ್ಲವೇ?

ಇಷ್ಟೆಲ್ಲದರ ನಡುವೆ ಅವನು ಬರೆದ ಒಂದು ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಈ ನಾಡಿನಲ್ಲಿ ಜನ ಬಹಳ ಇದ್ದಾರೆ, ಹಳ್ಳಿಯವರು ತೀರ ಬಡವರು, ಸರದಾರರು ಮಾತ್ರ ಬಹಳ ಸಿರಿವಂತರು, ಅವರನ್ನು ಬೆಳ್ಳಿಯ ಪಲ್ಲಕ್ಕಿಯಲ್ಲಿ ಹೊತ್ತು ತಿರುಗುತ್ತಾರೆ ಎಂಬ ಅರ್ಥದ ಮಾತು. ಬಹಮನಿ ಕಾಲದ ಇತಿಹಾಸವನ್ನು ನಮಗೆ ತಿಳಿಸುವ ಆಸ್ಥಾನದ ಬರಹಗಳಲ್ಲಿ ಯುದ್ಧಗಳಿವೆ, ಪಟ್ಟಾಭಿಷೇಕಗಳಿವೆ, ಒಳಸಂಚುಗಳಿವೆ. ಹೊಲದಲ್ಲಿ ದುಡಿದವರ ಹೊಟ್ಟೆಯ ಸ್ಥಿತಿ ಅಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಸುಲಿಗೆಯಾಗಿ, ಸಾಲಗಾರನಾಗಿ, ಹೆಸರನ್ನೂ ಖ್ವಾಜಾ ಯೂಸುಫ್ ಖುರಾಸಾನಿ ಎಂದು ಬದಲಿಸಿಕೊಂಡು ಬಂದ ಒಬ್ಬ ಪರದೇಶಿಗೆ ಅದು ಕಣ್ಣಿಗೆ ಬಿತ್ತು. ಬಡತನದ ರುಚಿ ಗೊತ್ತಿದ್ದವನಾದ್ದರಿಂದಲೇ ಕಂಡಿತು ಎಂದು ನಾನು ತಿಳಿಯುತ್ತೇನೆ.

ಇನ್ನೊಂದು ಸಂಗತಿ. ನಿಕಿತಿನ್ ಬೀದರಿನಲ್ಲಿದ್ದಾಗ ರಾಜ್ಯದ ನಿಜವಾದ ಶಕ್ತಿ 'ಮಲಿಕ್ ಉತ್ ತುಜ್ಜಾರ್', ಅಂದರೆ ವರ್ತಕರ ಒಡೆಯ ಎಂಬ ಬಿರುದಿನ ಮಹಮೂದ್ ಗವಾನ್. ಗವಾನನ ತವರು ಗಿಲಾನ್. ಗಿಲಾನ್ ಇರುವುದು ಎಲ್ಲಿ? ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ದಂಡೆಯಲ್ಲಿ. ಉತ್ತರದಿಂದ ಆ ಸಮುದ್ರಕ್ಕೆ ಇಳಿಯುವ ನದಿಯವನು ಒಬ್ಬ, ದಕ್ಷಿಣದ ದಂಡೆಯವನು ಒಬ್ಬ. ಇಬ್ಬರೂ ವ್ಯಾಪಾರಕ್ಕೆಂದು ಹೊರಟು ಬೀದರ್ ಸೇರಿದವರು. ಒಬ್ಬ ಪ್ರಧಾನಿಯಾದ, ಇನ್ನೊಬ್ಬ ಕುದುರೆ ಮಾರಿ ಹೊರಟುಹೋದ. ಗವಾನನ ಮದರಸಾ ಮುಗಿದದ್ದು 1472ರಲ್ಲಿ. ನಿಕಿತಿನ್ ಓಡಾಡುವಾಗ ಅದರ ಗೋಡೆಗಳು ಏಳುತ್ತಿದ್ದ ಕಾಲ. ನಮ್ಮ ಶಿಕ್ಷಕರು ಪ್ರವಾಸದಲ್ಲಿ ಮಕ್ಕಳನ್ನು ಮದರಸಾಕ್ಕೆ ಕರೆದುಕೊಂಡು ಹೋದಾಗ ಇಷ್ಟನ್ನು ಅಲ್ಲಿಯೇ ನಿಂತು ಹೇಳಿದರೆ ಭೂಪಟ ಬಿಡಿಸುವ ಪಾಠವೂ ಆದೀತು.

ನಿಕಿತಿನ್ ಹಿಂದಿರುಗುವಾಗ ಕಪ್ಪು ಸಮುದ್ರದ ದಾರಿ ಹಿಡಿದ. ತ್ವೇರ್ ಮುಟ್ಟಲಿಲ್ಲ. ಸ್ಮೊಲೆನ್ಸ್ಕ್ ನಗರ ಸೇರುವ ಮೊದಲೇ ತೀರಿಕೊಂಡ. ಅವನ ಕಾಗದಗಳು 1475ರ ಹೊತ್ತಿಗೆ ಮಾಸ್ಕೋ ತಲುಪಿ ವೃತ್ತಾಂತ ಗ್ರಂಥಕ್ಕೆ ಸೇರಿದವು. ಆಮೇಲೆ ಮೂರು ಶತಮಾನಕ್ಕೂ ಹೆಚ್ಚು ಕಾಲ ಮರೆವು. 19ನೆಯ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಮ್‌ಜಿನ್ ಅದನ್ನು ಮಠವೊಂದರ ಹಸ್ತಪ್ರತಿಗಳ ನಡುವೆ ಕಂಡಾಗ, ವಾಸ್ಕೋ ಡ ಗಾಮನಿಗಿಂತ ಕಾಲು ಶತಮಾನ ಮೊದಲೇ ರಷ್ಯಾದವನೊಬ್ಬ ಇಂಡಿಯಾ ನೋಡಿ ಬರೆದಿದ್ದನೆಂಬುದು ಲೋಕಕ್ಕೆ ತಿಳಿಯಿತು. 1957ರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸ್ ಮತ್ತು ರಷ್ಯಾದ ನಿರ್ದೇಶಕರು ಸೇರಿ ತೆಗೆದ 'ಪರದೇಸಿ' ಚಿತ್ರ ಇವನ ಕಥೆಯೇ. ನರ್ಗಿಸ್, ಬಲರಾಜ್ ಸಾಹ್ನಿ ಅದರಲ್ಲಿ ನಟಿಸಿದ್ದಾರೆ.

ಅವನು ಸತ್ತ ಸುಮಾರು ಎಂಬತ್ತು ವರ್ಷಗಳಲ್ಲಿ ವೋಲ್ಗಾದ ಒಡೆತನ ಬದಲಾಯಿತು. ಮಾಸ್ಕೋದ ದೊರೆ ನಾಲ್ಕನೆಯ ಇವಾನ್ 1552ರಲ್ಲಿ ಕಜಾನ್ ನಗರವನ್ನೂ, 1556ರಲ್ಲಿ ಅಸ್ತ್ರಾಖಾನನ್ನೂ ಗೆದ್ದ. ಒರತೆಯಿಂದ ಸಮುದ್ರದವರೆಗೆ ನದಿ ಒಬ್ಬನದೇ ಆಯಿತು. ಮಾಸ್ಕೋದ ಚಿತ್ರ ಎಂದರೆ ನಾವು ನೋಡುವ ಬಣ್ಣಬಣ್ಣದ ಗುಮ್ಮಟಗಳ ಚರ್ಚ್ ಕಜಾನ್ ಗೆದ್ದ ನೆನಪಿಗೆ ಕಟ್ಟಿದ್ದು. ಆಮೇಲೆ ನದಿಯುದ್ದಕ್ಕೂ ಸಮಾರಾ, ತ್ಸಾರಿತ್ಸಿನ್, ಸರಾತೊವ್ ಎಂಬ ಕೋಟೆ ಊರುಗಳು ಎದ್ದವು. ಹದಿನೇಳನೆಯ ಶತಮಾನದಲ್ಲಿ ಅಸ್ತ್ರಾಖಾನಿನಲ್ಲಿ ಭಾರತದ ವ್ಯಾಪಾರಿಗಳದೇ ಒಂದು ವಸತಿ ಇತ್ತು. ಮುಲ್ತಾನಿಗಳು, ಪಂಜಾಬಿಗಳು, ಮಾರವಾಡಿಗಳು ಅಲ್ಲಿ ಬಟ್ಟೆ ಮಾರಿ, ಬಡ್ಡಿ ವ್ಯವಹಾರ ಮಾಡಿ, ತಮ್ಮ ದೇವರ ಪೂಜೆಯನ್ನೂ ನಡೆಸಿಕೊಂಡು ತಲೆಮಾರುಗಟ್ಟಲೆ ಇದ್ದರು.

ದೊರೆಗೆ ನದಿ ಸಿಕ್ಕಿತು, ದುಡಿಯುವವನಿಗೆ ಸಿಕ್ಕಿದ್ದು ಹಗ್ಗ. ಜಮೀನುದಾರರ ಜೀತ ತಾಳದೆ ಓಡಿಹೋದ ರೈತರು ವೋಲ್ಗಾದ ಕೆಳಭಾಗ ಸೇರುತ್ತಿದ್ದರು. 1670ರಲ್ಲಿ ಸ್ತೆಂಕಾ ರಾಜಿನ್ ಎಂಬ ಕೊಸ್ಸಾಕ್ ನಾಯಕ ಅವರನ್ನು ಕಟ್ಟಿಕೊಂಡು ಅಸ್ತ್ರಾಖಾನಿನಿಂದ ಸಮಾರಾದವರೆಗೆ ಊರುಗಳನ್ನು ಹಿಡಿದ. ಮರುವರ್ಷ ಮಾಸ್ಕೋದಲ್ಲಿ ಅವನನ್ನು ಕತ್ತರಿಸಿ ಕೊಂದರು. ನೂರು ವರ್ಷದ ನಂತರ ಪುಗಚೋವ್‌ನದೂ ಅದೇ ಕಥೆ. ದಂಗೆಗಳು ಅಡಗಿದವು, ಹಗ್ಗ ಹೋಗಲಿಲ್ಲ. ಪ್ರವಾಹದ ವಿರುದ್ಧ ಮೇಲಕ್ಕೆ ಹೋಗುವ ಸರಕು ದೋಣಿಗಳನ್ನು ದಂಡೆಯ ಮೇಲೆ ನಡೆಯುತ್ತ ಎದೆಗೆ ಪಟ್ಟಿ ಕಟ್ಟಿಕೊಂಡು ಎಳೆಯುವ ಕೂಲಿಗಳನ್ನು ಬುರ್ಲಾಕ್ ಎನ್ನುತ್ತಿದ್ದರು. ಉಪ್ಪು, ಮೀನು, ಧಾನ್ಯ ತುಂಬಿದ ದೋಣಿಯನ್ನು ತಿಂಗಳುಗಟ್ಟಲೆ ಹೀಗೆ ಎಳೆಯಬೇಕು. ಗಂಡಸರಲ್ಲದೆ ಹೆಂಗಸರೂ ಎಳೆಯುತ್ತಿದ್ದರು. ಇಲ್ಯಾ ರೆಪಿನ್ 1870ರಿಂದ 1873ರವರೆಗೆ ಕೂತು ಬರೆದ ಪ್ರಸಿದ್ಧ ಚಿತ್ರದಲ್ಲಿ ಹನ್ನೊಂದು ಬುರ್ಲಾಕರಿದ್ದಾರೆ. ಹತ್ತು ಜನ ಬಾಗಿದ್ದಾರೆ, ನಡುವೆ ಒಬ್ಬ ಹುಡುಗ ಮಾತ್ರ ಪಟ್ಟಿಯನ್ನು ಸಡಿಲಿಸಿಕೊಂಡು ತಲೆ ಎತ್ತಿದ್ದಾನೆ. ದೂರದಲ್ಲಿ ಸಣ್ಣದಾಗಿ ಒಂದು ಹಬೆದೋಣಿಯ ಹೊಗೆ. ಕೊನೆಗೆ ಬುರ್ಲಾಕರ ಹಗ್ಗವನ್ನು ಬಿಡಿಸಿದ್ದು ಆ ಹೊಗೆಯೇ. ಕನ್ನಡದಲ್ಲೂ ಓದುಗರಿರುವ 'ತಾಯಿ' ಕಾದಂಬರಿಯ ಗಾರ್ಕಿ ಹುಟ್ಟಿದ್ದು ವೋಲ್ಗಾ ತೀರದ ನಿಜ್ನಿ ನೊವ್‌ಗೊರೊದ್‌ನಲ್ಲಿ. ಹುಡುಗನಾಗಿದ್ದಾಗ ವೋಲ್ಗಾದ ಹಡಗಿನಲ್ಲಿ ಪಾತ್ರೆ ತೊಳೆಯುವ ಕೆಲಸ ಮಾಡಿದವನು. ಲೆನಿನ್ ಹುಟ್ಟಿದ ಸಿಂಬಿರ್ಸ್ಕ್ ಕೂಡ ಇದೇ ನದಿಯ ಊರು. 1921-22ರ ಬರಗಾಲದಲ್ಲಿ ವೋಲ್ಗಾದ ಬಯಲು ಸೀಮೆಯೇ ಹೆಚ್ಚು ನರಳಿತು. ಆ ಬರದಲ್ಲಿ ರಷ್ಯಾದಲ್ಲಿ ಸತ್ತವರು ಐವತ್ತು ಲಕ್ಷ ಎಂದು ಅಂದಾಜು.

ಎರಡನೆಯ ಮಹಾಯುದ್ಧದಲ್ಲಿ ಈ ನದಿಯ ಹೆಸರು ಲೋಕದ ಎಲ್ಲ ಪತ್ರಿಕೆಗಳಲ್ಲಿ ಬಂತು. ತ್ಸಾರಿತ್ಸಿನ್ ಆಗ ಸ್ತಾಲಿನ್‌ಗ್ರಾದ್ ಆಗಿತ್ತು. ಬಾಕುವಿನ ಎಣ್ಣೆ ಕ್ಯಾಸ್ಪಿಯನ್ ಮೇಲಿಂದ ಬಂದು ವೋಲ್ಗಾದ ದಾರಿಯಲ್ಲಿ ಸೋವಿಯತ್ ಸೈನ್ಯಕ್ಕೆ ಹೋಗುತ್ತಿತ್ತು. ಆ ದಾರಿಯನ್ನು ಕತ್ತರಿಸುವುದು ಹಿಟ್ಲರನ ಒಂದು ಮುಖ್ಯ ಗುರಿ. ಊರು ಪಶ್ಚಿಮದ ದಂಡೆಗೆ ಅಂಟಿಕೊಂಡು ನದಿಯುದ್ದಕ್ಕೂ ಚಾಚಿಕೊಂಡಿದೆ. ಜರ್ಮನ್ನರು ಬಂದದ್ದೂ ಪಶ್ಚಿಮದಿಂದ. ಹಾಗಾಗಿ ಕಾದಾಡುವವರ ಬೆನ್ನಿಗೆ ನದಿ. 1942ರ ಆಗಸ್ಟ್ 23ರಂದು ವಿಮಾನಗಳ ಬಾಂಬಿನಿಂದ ನಗರ ಬೂದಿಯಾಯಿತು. ನಂತರದ ತಿಂಗಳುಗಳಲ್ಲಿ ಮನೆ ಮನೆಗೆ, ಮೆಟ್ಟಿಲು ಮೆಟ್ಟಿಲಿಗೆ ಯುದ್ಧ. ಸೈನಿಕರು, ಗುಂಡು, ರೊಟ್ಟಿ ಎಲ್ಲವೂ ಪೂರ್ವದ ದಂಡೆಯಿಂದ ದೋಣಿಯಲ್ಲಿ ಬರಬೇಕು. ಗಾಯಗೊಂಡವರು ಅದೇ ದೋಣಿಯಲ್ಲಿ ಹೋಗಬೇಕು. ಎಷ್ಟೋ ದೋಣಿಗಳು ನಡುನೀರಿನಲ್ಲಿ ಮುಳುಗಿದವು. ನವೆಂಬರಿನಲ್ಲಿ ತೇಲುವ ಹಿಮಗಡ್ಡೆಗಳಿಂದ ದೋಣಿಯೂ ನಡೆಯದೆ, ಮೇಲೆ ನಡೆಯಲು ಗಟ್ಟಿ ಹಿಮವೂ ಇಲ್ಲದೆ ಬಹಳ ಕಷ್ಟವಾಯಿತು. ಡಿಸೆಂಬರಿನಲ್ಲಿ ನದಿ ಪೂರ್ತಿ ಹೆಪ್ಪುಗಟ್ಟಿ, ಇಬ್ನ್ ಬತೂತ ಹೋದ ಆ ಹಿಮದ ದಾರಿ ಮತ್ತೆ ತೆರೆಯಿತು. ಅಷ್ಟರಲ್ಲಿ ನವೆಂಬರ್ 19ರಂದು ಶುರುವಾದ ಸೋವಿಯತ್ ದಾಳಿ ಜರ್ಮನ್ ಸೈನ್ಯವನ್ನೇ ಸುತ್ತುವರಿದಿತ್ತು. 1943ರ ಫೆಬ್ರವರಿ 2ರಂದು ಕದನ ಮುಗಿದಾಗ ಸೆರೆಯಾದ ಸುಮಾರು 91,000 ಜನರಲ್ಲಿ ಜರ್ಮನಿಗೆ ತಿರುಗಿ ಹೋದವರು ಆರು ಸಾವಿರದಷ್ಟು ಮಾತ್ರ.

ಗೆದ್ದವರ ಕಡೆಯ ಒಂದು ಅನ್ಯಾಯವನ್ನೂ ಹೇಳಬೇಕು. ಹದಿನೆಂಟನೆಯ ಶತಮಾನದಲ್ಲಿ ರಾಣಿ ಎರಡನೆಯ ಕ್ಯಾಥರೀನ್ ಕರೆಸಿ ವೋಲ್ಗಾ ದಂಡೆಯಲ್ಲಿ ನೆಲೆ ಕೊಟ್ಟ ಜರ್ಮನ್ ರೈತರ ವಂಶದವರು ಅಲ್ಲೇ ಬೆಳೆದಿದ್ದರು. 1941ರ ಸೆಪ್ಟೆಂಬರಿನಲ್ಲಿ ಸ್ತಾಲಿನ್ ಸರ್ಕಾರ ಅವರೆಲ್ಲರನ್ನೂ, ನಾಲ್ಕು ಲಕ್ಷದಷ್ಟು ಜನರನ್ನು, ರೈಲು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾಕ್ಕೂ ಕಜಾಕ್‌ಸ್ತಾನಕ್ಕೂ ಸಾಗಿಸಿತು. ಯುದ್ಧ ಮಾಡಿದವರು ಅವರಲ್ಲ.

ಇನ್ನು ಅಣೆಕಟ್ಟುಗಳು. 1930ರ ದಶಕದಿಂದ ಮುಂದೆ ವೋಲ್ಗಾಕ್ಕೆ ಸಾಲುಸಾಲಾಗಿ ಕಟ್ಟೆಗಳು ಬಿದ್ದವು. 1937ರಲ್ಲಿ ಮಾಸ್ಕೋಗೆ ಕಾಲುವೆ ಬಂತು, 1952ರಲ್ಲಿ ವೋಲ್ಗಾ-ದಾನ್ ಕಾಲುವೆ. ಈ ಎರಡನೆಯ ಕಾಲುವೆಯಿಂದ ವೋಲ್ಗಾದ ಹಡಗುಗಳಿಗೆ ಕಪ್ಪು ಸಮುದ್ರದ ಮೂಲಕ ಸಾಗರದ ದಾರಿ ಸಿಕ್ಕಿತು. ನದಿ ಸಾವಿರಾರು ವರ್ಷ ಮಾಡಲಾರದ್ದನ್ನು 101 ಕಿಲೋಮೀಟರ್ ಅಗೆತ ಮಾಡಿತು. ವಿದ್ಯುತ್ತು ಬಂತು, ಕಾರ್ಖಾನೆಗಳು ಬಂದವು, ಇದನ್ನು ಅಲ್ಲಗಳೆಯುವಂತಿಲ್ಲ. ಅಗೆದವರಲ್ಲಿ ಬಹಳ ಜನ ಕೈದಿಗಳು ಎಂಬುದನ್ನೂ ಅಲ್ಲಗಳೆಯುವಂತಿಲ್ಲ. ಮೇಲಿನ ವೋಲ್ಗಾದಲ್ಲಿ ರಿಬಿನ್ಸ್ಕ್ ಜಲಾಶಯ 1941ರಿಂದ ತುಂಬತೊಡಗಿತು. ಮೊಲೋಗಾ ಎಂಬ ಹಳೆಯ ಪಟ್ಟಣ, ಅದರ ಜೊತೆ ಆರುನೂರಕ್ಕೂ ಹೆಚ್ಚು ಹಳ್ಳಿಗಳು ಅದರಡಿ ಹೋದವು. ಒಂದು ಲಕ್ಷ ಮೂವತ್ತು ಸಾವಿರ ಜನ ಊರು ಬಿಟ್ಟರು. ಕೆಲವರು ಮರದ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ, ತೆಪ್ಪ ಕಟ್ಟಿ, ನದಿಯಲ್ಲಿ ತೇಲಿಸಿಕೊಂಡು ಹೋದರು. ಬಹಳ ವರ್ಷ ಈ ವಿಷಯವನ್ನು ಬಾಯಿಬಿಟ್ಟು ಆಡುವಂತಿರಲಿಲ್ಲ. ಮಳೆ ಕಡಿಮೆಯಾದ ವರ್ಷ ನೀರು ಇಳಿದಾಗ ಮೊಲೋಗಾದ ಬೀದಿಗಳ ಕಲ್ಲು, ಮನೆಗಳ ಬುನಾದಿ ಮೇಲೆ ಕಾಣುತ್ತವೆ. ಆಗ ಅಲ್ಲಿ ಹುಟ್ಟಿದವರ ಮಕ್ಕಳು ಮೊಮ್ಮಕ್ಕಳು ಹೋಗಿ ನೋಡಿಕೊಂಡು ಬರುತ್ತಾರೆ. ಕಾರಂಜಾ ಜಲಾಶಯದಲ್ಲಿ ಹೊಲ ಮನೆ ಕಳೆದುಕೊಂಡ ನಮ್ಮ ಜಿಲ್ಲೆಯ ಕುಟುಂಬಗಳಿಗೆ ಈ ಭಾಗವನ್ನು ನಾನು ವಿವರಿಸಬೇಕಾಗಿಲ್ಲ.

ನಿಕಿತಿನ್ ಆಶೀರ್ವಾದ ಪಡೆದ ಕಲ್ಯಾಜಿನ್ ಮಠವನ್ನೂ ಇದೇ ಕಾಲದಲ್ಲಿ ಕೆಡವಿ, ಅದರ ಜಾಗವನ್ನು ಉಗ್ಲಿಚ್ ಜಲಾಶಯಕ್ಕೆ ಬಿಟ್ಟರು. ಆ ಊರಿನ ಹಳೆಯ ಭಾಗವೆಲ್ಲ ಮುಳುಗಿ, ಬೇರೊಂದು ಚರ್ಚಿನ ಗಂಟೆ ಗೋಪುರ ಮಾತ್ರ ಇಂದಿಗೂ ನೀರಿನ ನಡುವೆ ಒಂಟಿಯಾಗಿ ನಿಂತಿದೆ. ಪ್ರವಾಸಿಗರು ದೋಣಿಯಲ್ಲಿ ಹೋಗಿ ಅದರ ಸುತ್ತ ತಿರುಗಿ ಬರುತ್ತಾರೆ. ತ್ವೇರ್ ನಗರದಲ್ಲಿ ವೋಲ್ಗಾದ ದಂಡೆಯ ಮೇಲೆ 1955ರಲ್ಲಿ ನಿಕಿತಿನ್‌ನ ಕಂಚಿನ ಪ್ರತಿಮೆ ನಿಲ್ಲಿಸಿದರು. ಅವನು ಇಳಿದ ಚೌಲ್ ಪಕ್ಕದ ರೇವದಂಡಾದಲ್ಲೂ ಒಂದು ಸ್ಮಾರಕ ಕಂಬ ಇದೆ.

ನದಿಯ ತುದಿಯಲ್ಲೂ ಎಲ್ಲ ಮೊದಲಿನಂತಿಲ್ಲ. ಕ್ಯಾಸ್ಪಿಯನ್‌ನಿಂದ ಮೊಟ್ಟೆ ಇಡಲು ನೂರಾರು ಕಿಲೋಮೀಟರ್ ಮೇಲಕ್ಕೆ ಈಜಿ ಬರುತ್ತಿದ್ದ ಬೆಲೂಗಾ ಎಂಬ ದೈತ್ಯ ಮೀನುಗಳಿಗೆ ವೋಲ್ಗಾಗ್ರಾದ್ ಅಣೆಕಟ್ಟು ಅಡ್ಡ ಬಂತು. ಅವುಗಳ ಸಂತತಿ ಬಹಳ ಕುಗ್ಗಿದೆ. ಕ್ಯಾಸ್ಪಿಯನ್‌ಗೆ ನದಿಗಳಿಂದ ಬರುವ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ವೋಲ್ಗಾದ್ದೇ. ಈಚಿನ ವರ್ಷಗಳಲ್ಲಿ ಬಿಸಿಲು ಹೆಚ್ಚಿ ಆ ಸಮುದ್ರದ ಮಟ್ಟ ಇಳಿಯುತ್ತಿದೆ. ಉತ್ತರದ ಕಡೆ ಮೊದಲೇ ಆಳ ಕಡಿಮೆ. ನಿಕಿತಿನ್ ಸುಲಿಗೆಯಾದ ಆ ಕವಲುಗಳ ಮುಂದೆ ಹಡಗುಗಳು ಹೋಗಲೆಂದು ಹೂಳು ತೆಗೆಯುವ ಯಂತ್ರಗಳು ಈಗ ಕೆಲಸ ಮಾಡುತ್ತಿವೆ.